ಹಾರಿಸದೇ ಪರೀಕ್ಷಿಸುವುದು ಹೇಗೆ? ಇಂಟರ್‌ಸೆಪ್ಟರ್ ವಿಮಾನಗಳ ಶಸ್ತ್ರವ್ಯವಸ್ಥೆಗೆ ಅಂಕ ಕೊಡುವ ಬಗೆ

ಮುಗಿಲುದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶೀತಲ ಸಮರದ ಕಾಲದ ಅಮೆರಿಕದ ಇಂಟರ್‌ಸೆಪ್ಟರ್‌ಗಳ (ಶತ್ರು ಬಾಂಬರ್‌ಗಳನ್ನು ಆಕಾಶದಲ್ಲೇ ತಡೆಯುವ ವಿಮಾನಗಳ) ಬಗ್ಗೆ, ಅದರಲ್ಲೂ ಎಫ್-106 ಬಗ್ಗೆ ಓದುತ್ತಿದ್ದೇನೆ. ಮೂರು ವಿಷಯ ತಲೆಗೆ ಹತ್ತುತ್ತಿಲ್ಲ.

ಒಂದು, ಆ ವಿಮಾನದ ದೊಡ್ಡ ಅಸ್ತ್ರ ಜೀನಿ ಅಣುರಾಕೆಟ್. ಅಣು ಸಿಡಿತಲೆ ಸಮೇತ ಅದನ್ನು ಹಾರಿಸಿ ಸ್ಫೋಟಿಸಿದ್ದು ಒಂದೇ ಸಲ, 1957ರ ಜುಲೈ 19ರಂದು ನೆವಾಡಾದಲ್ಲಿ. ಅದೂ ಎಫ್-89ಜೆ ವಿಮಾನದಿಂದ. ಎಫ್-106 ಸೇವೆಗೆ ಬಂದದ್ದೇ 1959ರಲ್ಲಿ. ಹಾಗಾದರೆ ಮುನ್ನೂರಕ್ಕೂ ಹೆಚ್ಚು ವಿಮಾನಗಳಲ್ಲಿ ಈ ವ್ಯವಸ್ಥೆ ಕೆಲಸ ಮಾಡುತ್ತದೆ ಎಂದು ಯಾವ ಆಧಾರದ ಮೇಲೆ ಹೇಳುತ್ತಿದ್ದರು?

ಎರಡು, ಪರೀಕ್ಷಾ ವರದಿಗಳಲ್ಲಿ ಕೆಲವು ಉಡಾವಣೆಗಳನ್ನು ‘ನೋ ಟೆಸ್ಟ್’ ಎಂದು ಲೆಕ್ಕದಿಂದಲೇ ಬಿಟ್ಟಿರುತ್ತಾರೆ. ತಪ್ಪಿದ ಕ್ಷಿಪಣಿಗಳನ್ನು ಮುಚ್ಚಿಹಾಕುವ ದಾರಿಯಲ್ಲವೇ ಇದು?

ಮೂರು, ಎಷ್ಟು ಕ್ಷಿಪಣಿ ಹಾರಿಸಿದರೆ ಸಾಕು?

---

ಡೆಲ್ಟಾರೆಕ್ಕೆ

ಮೊದಲನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಉಳಿದದ್ದಕ್ಕೆ ಇಲ್ಲಿ ನನಗಿಂತ ಬಲ್ಲವರಿದ್ದಾರೆ.

ಕ್ಷಿಪಣಿ ಗುರಿಗೆ ಬಡಿಯುವುದು ಒಂದು ಉದ್ದ ಸರಪಳಿಯ ಕೊನೆಯ ಕೊಂಡಿ. ಸೇಜ್ ಎಂಬ ವಾಯುರಕ್ಷಣಾ ಕಂಪ್ಯೂಟರ್ ಜಾಲದ ನೆಲದ ರೇಡಾರ್ ಗುರಿಯನ್ನು ಕಾಣಬೇಕು. ಅಲ್ಲಿನ ಕಂಪ್ಯೂಟರ್ ಕೊಟ್ಟ ದಿಕ್ಕು, ಎತ್ತರ, ವೇಗ ಡೇಟಾಲಿಂಕ್ ಮೂಲಕ ವಿಮಾನಕ್ಕೆ ಮುಟ್ಟಬೇಕು. ಆಮೇಲೆ ವಿಮಾನದ ಎಂಎ-1 ಫೈರ್ ಕಂಟ್ರೋಲ್ ವ್ಯವಸ್ಥೆ ತನ್ನ ರೇಡಾರಿನಲ್ಲಿ ಗುರಿ ಹುಡುಕಿ, ಲಾಕ್ ಮಾಡಿ, ಡಿಕ್ಕಿಯ ದಾರಿ ಲೆಕ್ಕಹಾಕಿ, ವೆಪನ್ ಬೇ (ವಿಮಾನದ ಹೊಟ್ಟೆಯೊಳಗಿನ ಶಸ್ತ್ರಕೋಣೆ) ಬಾಗಿಲು ತೆರೆಸಿ, ಕ್ಷಿಪಣಿಯನ್ನು ಎಬ್ಬಿಸಿ ಬಿಡಬೇಕು. ಇಂಥ ಆರು ಕೊಂಡಿಗಳಿವೆ, ಪ್ರತಿಯೊಂದೂ ನೂರಕ್ಕೆ 90 ಸಲ ಸರಿಯಾಗಿ ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು ಯಶಸ್ಸು ನೂರಕ್ಕೆ 53. ಪ್ರತಿ ಕೊಂಡಿಯನ್ನು 95ಕ್ಕೆ ಏರಿಸಿದರೂ 73 ದಾಟಿ ಸ್ವಲ್ಪ ಅಷ್ಟೆ. ಆದ್ದರಿಂದ ಬಡಿಯಿತೇ ಇಲ್ಲವೇ ಎಂದು ಮಾತ್ರ ನೋಡಿದರೆ ಯಾವ ಕೊಂಡಿ ಸಡಿಲ ಎಂಬುದು ಗೊತ್ತಾಗುವುದೇ ಇಲ್ಲ.

ಕೊಂಡಿಗಳನ್ನು ಒಂದೊಂದಾಗಿ ಅಳೆಯಲು ಬಳಕೆಗೆ ಬಂದದ್ದು ವೆಪನ್ ಸಿಸ್ಟಮ್ ಇವ್ಯಾಲ್ಯುಯೇಟರ್ ಮಿಸೈಲ್, ಅವರ ಬಾಯಲ್ಲಿ ‘ಡಬ್ಲ್ಯುಎಸ್‌ಇಎಂ’. ಹೊರಗಿನಿಂದ ಈ ವಿಮಾನದ ಇನ್ನೊಂದು ಅಸ್ತ್ರವಾದ ಫಾಲ್ಕನ್ ಕ್ಷಿಪಣಿಯದೇ ರೂಪ, ಲಾಂಚರಿಗೆ ಅದೇ ಜೋಡಣೆ. ಒಳಗೆ ಮೋಟಾರೂ ಇಲ್ಲ, ಸಿಡಿತಲೆಯೂ ಇಲ್ಲ. ವಿಮಾನ ಕ್ಷಿಪಣಿಗೆ ಏನೇನು ಹೇಳಿತು ಎಂಬುದನ್ನು ದಾಖಲಿಸುವ ಉಪಕರಣ ಮಾತ್ರ. ಪೈಲಟ್ ನಿಜವಾದ ದಾಳಿಯಂತೆಯೇ ಹಾರುತ್ತಾನೆ, ಟ್ರಿಗರ್ ಒತ್ತುತ್ತಾನೆ, ಏನೂ ಹೊರಗೆ ಹೋಗುವುದಿಲ್ಲ. ಇಳಿದ ಮೇಲೆ ದಾಖಲೆ ಓದುತ್ತಾರೆ.

ಓದುವಾಗ ನೋಡಬೇಕಾದ್ದು:

– ಕ್ಷಿಪಣಿಗೆ ಹೋಗಬೇಕಾದ ಪ್ರತಿಯೊಂದು ವಿದ್ಯುತ್ ಪೂರೈಕೆಯೂ ಹೋಯಿತೇ, ಮಿತಿಯೊಳಗಿತ್ತೇ, ಸಾಕಷ್ಟು ಮುಂಚೆ ಹೋಯಿತೇ. ಗೈರೋ ಪೂರ್ತಿ ವೇಗಕ್ಕೆ ಬರುವ ಮುನ್ನವೇ ಬಿಡುವ ಆಜ್ಞೆ ಬಂದಿದ್ದರೆ, ಉಳಿದೆಲ್ಲ ಸರಿ ಇದ್ದರೂ ಆ ದಾಳಿ ವಿಫಲ.

– ಸೀಕರ್ (ಗುರಿ ಹುಡುಕುವ ಕ್ಷಿಪಣಿಯ ಕಣ್ಣು) ಯಾವ ಕೋನಕ್ಕೆ ನೋಡಬೇಕು ಎಂದು ವಿಮಾನ ಹೇಳಿದ್ದು, ರೇಡಾರ್ ಆಂಟೆನಾ ಆ ಕ್ಷಣ ನೋಡುತ್ತಿದ್ದ ಕೋನಕ್ಕೆ ಹೊಂದುತ್ತದೆಯೇ. ಇಲ್ಲಿ ಕೆಲವು ಡಿಗ್ರಿ ತಪ್ಪಿದರೆ ಕ್ಷಿಪಣಿ ಹೊರಟ ಮೇಲೆ ಗುರಿಯನ್ನು ಕಾಣುವುದೇ ಇಲ್ಲ.

– ಬಿಡುವ ಆಜ್ಞೆ ಬಂದ ಕ್ಷಣ. ಈ ವಿಮಾನಗಳಲ್ಲಿ ಪೈಲಟ್ ಟ್ರಿಗರ್ ಒತ್ತಿ ಹಿಡಿಯುತ್ತಾನೆ, ಯಾವ ಕ್ಷಣ ಬಿಡಬೇಕು ಎಂದು ತೀರ್ಮಾನಿಸುವುದು ಕಂಪ್ಯೂಟರ್. ಹಾಗಾಗಿ ಕೊನೆಯ ಸೆಕೆಂಡುಗಳಲ್ಲಿ ಪರದೆಯ ಮೇಲಿನ ಸ್ಟೀರಿಂಗ್ ಚುಕ್ಕಿ (ಯಾವ ಕಡೆ ತಿರುಗಬೇಕು ಎಂದು ತೋರಿಸುವುದು) ವೃತ್ತದೊಳಗೆ ಇತ್ತೇ ಎಂಬುದು ಪೈಲಟ್‌ನ ಅಂಕ. ಆಜ್ಞೆ ಸರಿಯಾದ ಕ್ಷಣಕ್ಕೆ ಬಂತೇ ಎಂಬುದು ಯಂತ್ರದ ಅಂಕ. ಎರಡನ್ನೂ ಬೆರೆಸಬಾರದು.

ರೇಡಾರ್ ಪರದೆಯ ಫಿಲ್ಮ್ ಮತ್ತು ನೆಲದ ರೇಡಾರಿನ ಜಾಡನ್ನು ಇದರ ಪಕ್ಕದಲ್ಲಿಟ್ಟು, ಒಂದೇ ಗಡಿಯಾರಕ್ಕೆ ಹೊಂದಿಸಿ ಓದಿದರೆ ಚಿತ್ರ ಪೂರ್ತಿಯಾಗುತ್ತದೆ. ಒಂದು ಹಾರಾಟದಲ್ಲಿ ಹಲವು ದಾಳಿ ಮಾಡಬಹುದು, ಖರ್ಚಾಗುವುದು ಇಂಧನ ಮಾತ್ರ.

ಜೀನಿಯದು ಬೇರೆ ಕಥೆ. ಅದಕ್ಕೆ ಮಾರ್ಗದರ್ಶನವೇ ಇಲ್ಲ. ಬಿಟ್ಟ ದಿಕ್ಕಿಗೆ ಹೋಗಿ, ವಿಮಾನ ಇಟ್ಟುಕೊಟ್ಟ ಸಮಯಕ್ಕೆ ಸಿಡಿಯುತ್ತದೆ. ಆದ್ದರಿಂದ ಅದರ ಮೌಲ್ಯಮಾಪನ ಎಂದರೆ ಬಿಟ್ಟ ಕ್ಷಣದ ದಿಕ್ಕು, ವೇಗ ಮತ್ತು ಟೈಮರ್ ಬೆಲೆಯಿಂದ ರಾಕೆಟ್ ಎಲ್ಲಿ ಸಿಡಿಯುತ್ತಿತ್ತು, ಆಗ ಗುರಿ ಎಲ್ಲಿತ್ತು ಎಂಬ ಲೆಕ್ಕ. ಗುರಿ ಹತ್ತಿರವಾಗುವ ವೇಗವನ್ನು ರೇಡಾರ್ ಸೆಕೆಂಡಿಗೆ 10 ಮೀಟರ್ ತಪ್ಪಾಗಿ ಅಂದಾಜಿಸಿದರೆ, 10 ಸೆಕೆಂಡ್ ಹಾರುವ ರಾಕೆಟ್ಟಿಗೆ 100 ಮೀಟರ್ ವ್ಯತ್ಯಾಸ. ಒಂದೂವರೆ ಕಿಲೋಟನ್ ಸಿಡಿತಲೆಯ ಮಾರಕ ವ್ಯಾಪ್ತಿ ಸುಮಾರು 300 ಮೀಟರ್ ಎಂದಿದ್ದುದರಿಂದ ಅದು ಸಹ್ಯ. ಅದೇ ತಪ್ಪು ಮಾರ್ಗದರ್ಶನವಿಲ್ಲದ ಸಾಮಾನ್ಯ ರಾಕೆಟ್ಟಿಗೆ ಪೂರ್ತಿ ಸೋಲು. ಸಿಡಿತಲೆಯಿಲ್ಲದ ತರಬೇತಿ ಜೀನಿ, ಎಟಿಆರ್-2ಎ, ಕೂಡ ಇತ್ತು. ರಾಕೆಟ್ ಬಿಟ್ಟೊಡನೆ ವಿಮಾನ ತಿರುಗಿ ದೂರ ಓಡುವುದನ್ನೂ ಜೀನಿ ದಾಳಿಯ ಭಾಗವೆಂದೇ ಅಭ್ಯಾಸ ಮಾಡಬೇಕಿತ್ತು.

---

ರೇಡೋಮ್_ರಾಯ

ಡೆಲ್ಟಾರೆಕ್ಕೆ ಅವರು ಆಕಾಶದಿಂದ ಶುರು ಮಾಡಿದರು. ಅರ್ಧ ಕೆಲಸ ವಿಮಾನ ಏಳುವ ಮೊದಲೇ ಮುಗಿದಿರಬೇಕು. ಇಲ್ಲವಾದರೆ ಮೇಲೆ ಸಿಗುವ ದಾಖಲೆಗೆ ಅರ್ಥವಿಲ್ಲ.

ಬೋರ್‌ಸೈಟ್: ವಿಮಾನವನ್ನು ಜಾಕ್‌ಗಳ ಮೇಲೆ ಸಮತಟ್ಟಾಗಿ ನಿಲ್ಲಿಸಿ, ಅದರ ಆಧಾರರೇಖೆಗೆ ರೇಡಾರ್ ಆಂಟೆನಾದ ಅಕ್ಷ ಮತ್ತು ಪ್ರತಿ ಲಾಂಚರಿನ ಅಕ್ಷ ಹೊಂದಿದೆಯೇ ನೋಡುತ್ತಾರೆ. ದೂರದ ಕಂಬದ ಮೇಲಿನ ಹಾರ್ನ್ ಆಂಟೆನಾದಿಂದ ಸಂಕೇತ ಕಳಿಸಿ ಶೂನ್ಯ ಬಿಂದು ಹುಡುಕುತ್ತಾರೆ. ಒಂದು ಡಿಗ್ರಿ ತಪ್ಪೆಂದರೆ ಒಂದು ಕಿಲೋಮೀಟರಿಗೆ ಹದಿನೇಳೂವರೆ ಮೀಟರ್. ತನ್ನನ್ನು ತಾನೇ ತಿದ್ದಿಕೊಳ್ಳುವ ಕ್ಷಿಪಣಿ ಇದನ್ನು ಮುಚ್ಚಿಡಬಹುದು, ಮಾರ್ಗದರ್ಶನವಿಲ್ಲದ ರಾಕೆಟ್ ಮುಚ್ಚಿಡುವುದಿಲ್ಲ.

ರೇಡೋಮ್: ಎಲ್ಲರೂ ಮರೆಯುವ ಭಾಗ. ಮೂಗಿನ ಆ ಫೈಬರ್‌ಗ್ಲಾಸ್ ಟೋಪಿಯ ಗೋಡೆ ಅರ್ಧ ತರಂಗಾಂತರದ ದಪ್ಪಕ್ಕೆ ಮಾಡಿದ್ದಾಗಿರುತ್ತದೆ. 10 ಗಿಗಾಹರ್ಟ್ಸ್ ರೇಡಾರಿಗೆ, ಡೈಎಲೆಕ್ಟ್ರಿಕ್ ಸ್ಥಿರಾಂಕ 4 ಇರುವ ವಸ್ತುವಿನಲ್ಲಿ, ನೇರವಾಗಿ ಹಾಯುವ ಕಿರಣಕ್ಕೆ ಅದು ಸುಮಾರು ಏಳೂವರೆ ಮಿಲಿಮೀಟರ್. ಆಲಿಕಲ್ಲು ಬಿದ್ದು ಚಕ್ಕೆ ಎದ್ದದ್ದಕ್ಕೆ ಯಾರೋ ರಾಳ ತುಂಬಿ ಉಜ್ಜಿ, ಮೇಲೆ ಎರಡು ಸಲ ಬಣ್ಣ ಬಳಿದರೆ ನೋಡಲು ಹೊಸದರಂತೆಯೇ ಇರುತ್ತದೆ. ಆದರೆ ಆ ಜಾಗದ ಮೂಲಕ ನೋಡಿದಾಗ ಗುರಿ ಇದ್ದಲ್ಲಿಂದ ಸ್ವಲ್ಪ ಸರಿದು ಕಾಣುತ್ತದೆ. ಸ್ಥಿರವಾದ ಸರಿತವಾದರೆ ಅಷ್ಟು ತೊಂದರೆಯಿಲ್ಲ. ಆಂಟೆನಾ ತಿರುಗಿದಂತೆ ಸರಿತವೂ ಬದಲಾದರೆ, ಗುರಿಯೇ ಚಲಿಸುತ್ತಿದೆ ಎಂದು ಕಂಪ್ಯೂಟರ್ ನಂಬುತ್ತದೆ. ಒಂದು ಬದಿಯಿಂದ ಮಾಡಿದ ದಾಳಿಗಳಲ್ಲಿ ಮಾತ್ರ ಸ್ಟೀರಿಂಗ್ ತಪ್ಪು ಕಾಣುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ರೇಡೋಮನ್ನೇ. ಪೆಟ್ಟಿಗೆಗಳನ್ನು ಬದಲಿಸುತ್ತ ಕೂತರೆ ವಾರಗಳು ಹೋಗುತ್ತವೆ.

ಅಲೆಮಾರಿ ವೋಲ್ಟೇಜ್: ಮೋಟಾರಿರುವ ಕ್ಷಿಪಣಿ ಜೋಡಿಸುವ ಮೊದಲು ಲಾಂಚರಿನ ಫೈರಿಂಗ್ ಪಿನ್‌ಗಳಲ್ಲಿ ಬೇಡದ ವೋಲ್ಟೇಜ್ ಇಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯ ಡಿಜಿಟಲ್ ಮೀಟರ್ ಇದಕ್ಕೆ ಸಲ್ಲದು. ಅದರ ಒಳರೋಧ ತುಂಬಾ ಹೆಚ್ಚು, ಇಲ್ಲದ ಭೂತ ವೋಲ್ಟೇಜನ್ನೂ ತೋರಿಸುತ್ತದೆ. ಸ್ಕ್ವಿಬ್‌ನಷ್ಟೇ (ಮೋಟಾರ್ ಹೊತ್ತಿಸುವ ವಿದ್ಯುತ್ ಕಿಡಿಮದ್ದಿನಷ್ಟೇ) ರೋಧವಿರುವ, ಒಂದೆರಡು ಓಮ್‌ನ, ಪರೀಕ್ಷಕ ಬೇಕು. ರೇಡಾರ್ ಚಾಲೂ ಇಟ್ಟು, ಜನರೇಟರ್ ಬದಲಿಸಿ, ಶಸ್ತ್ರದ ಸ್ವಿಚ್‌ಗಳನ್ನು ಒಂದೊಂದಾಗಿ ಆಡಿಸಿ ನೋಡಬೇಕು. ಸ್ವಿಚ್ ಬದಲಾಗುವ ಕ್ಷಣದ ಮಿಂಚೇ ಅಪಾಯಕಾರಿ. 1 ಆಂಪಿಯರ್, 1 ವಾಟ್ ಐದು ನಿಮಿಷ ಹರಿದರೂ ಸಿಡಿಯಬಾರದು ಎಂಬ ಸ್ಕ್ವಿಬ್ ನಿಯಮ ಸುಮ್ಮನೆ ಬಂದದ್ದಲ್ಲ.

ಟೆಲಿಮೆಟ್ರಿ: ಪರೀಕ್ಷೆಗೆ ಹಾರಿಸುವ ಕ್ಷಿಪಣಿಯಲ್ಲಿ ಸಾಮಾನ್ಯವಾಗಿ ಸಿಡಿತಲೆ ತೆಗೆದು ಟೆಲಿಮೆಟ್ರಿ ಪೆಟ್ಟಿಗೆ (ಹಾರುವಾಗಿನ ಅಳತೆಗಳನ್ನು ರೇಡಿಯೋದಲ್ಲಿ ನೆಲಕ್ಕೆ ಕಳಿಸುವುದು), ಜೊತೆಗೆ ನೆಲದಿಂದ ನಾಶಪಡಿಸುವ ಗ್ರಾಹಕ ಇಡುತ್ತಾರೆ. ತೂಕ ಸಮ ಮಾಡಿದರಷ್ಟೇ ಸಾಲದು. ಗುರುತ್ವಕೇಂದ್ರವೂ ತೂಕ ಹರಡಿರುವ ರೀತಿಯೂ ಹೊಂದಬೇಕು, ಇಲ್ಲದಿದ್ದರೆ ಹಾರುವುದು ಬೇರೆಯೇ ಕ್ಷಿಪಣಿ. ಆಂಟೆನಾ ಒಂದೇ ಬದಿಗಿದ್ದರೆ ಕ್ಷಿಪಣಿ ಉರುಳಿದಾಗ ಸಂಕೇತ ಕಡಿಯುತ್ತದೆ. ಅದು ಕಡಿಯುವುದು ಯಾವಾಗಲೂ ಬೇಕಾದ ಕೊನೆಯ ಅರ್ಧ ಸೆಕೆಂಡಿನಲ್ಲೇ! ಸುತ್ತಲೂ ಪಟ್ಟಿಯಂತೆ ಸುತ್ತಿದ ಆಂಟೆನಾ ಇದಕ್ಕೆ ಮದ್ದು.

---

ಗುರಿಕಾರ

ಎರಡನೆಯ ಪ್ರಶ್ನೆ. ‘ನೋ ಟೆಸ್ಟ್’ ಎಂಬುದನ್ನು ಮುಚ್ಚಿಹಾಕಲು ಬಳಸಬಹುದು, ಬಳಸಿಯೂ ಇರಬಹುದು. ಆದರೆ ಅದು ಬೇಕೇ ಬೇಕು. ಪ್ರಸಿದ್ಧ ಉದಾಹರಣೆ ನೌಕಾಪಡೆಯದು. 1973ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪಾಯಿಂಟ್ ಮುಗು ಸಮುದ್ರವಲಯದಲ್ಲಿ ಒಂದು ಎಫ್-14 ಆರು ಫೀನಿಕ್ಸ್ ಕ್ಷಿಪಣಿಗಳನ್ನು 38 ಸೆಕೆಂಡಿನಲ್ಲಿ ಆರು ಬೇರೆಬೇರೆ ಡ್ರೋನ್‌ಗಳ (ಗುರಿಯಾಗಿ ಹಾರಿಸುವ ಮಾನವರಹಿತ ವಿಮಾನಗಳ) ಮೇಲೆ ಬಿಟ್ಟಿತು. ನಾಲ್ಕು ಯಶಸ್ವಿ. ಒಂದು ಕ್ಷಿಪಣಿ ತನ್ನದೇ ದೋಷದಿಂದ ತಪ್ಪಿತು. ಇನ್ನೊಂದರ ಸೋಲಿಗೆ ಕಾರಣ ಡ್ರೋನಿನ ರೇಡಾರ್ ವರ್ಧಕ ಕೈಕೊಟ್ಟದ್ದು, ಅದನ್ನು ನೋ ಟೆಸ್ಟ್ ಎಂದರು. ಹಾಗಾದರೆ ಅಂಕ ಆರಕ್ಕೆ ನಾಲ್ಕೋ, ಐದಕ್ಕೆ ನಾಲ್ಕೋ? ಕ್ಷಿಪಣಿಯ ಬಗ್ಗೆ ಕೇಳಿದರೆ ಐದಕ್ಕೆ ನಾಲ್ಕು ಎನ್ನುವುದು ನ್ಯಾಯ. ನನ್ನ ಪ್ರಕಾರ ಷರತ್ತು ಒಂದೇ: ಯಾವುದನ್ನು ನೋ ಟೆಸ್ಟ್ ಎನ್ನಬಹುದು ಎಂಬ ಪಟ್ಟಿ ಉಡಾವಣೆಗೆ ಮುಂಚೆ ಬರೆದು ಸಹಿ ಹಾಕಿರಬೇಕು. ಫಲಿತಾಂಶ ನೋಡಿದ ಮೇಲೆ ಬರೆದ ಪಟ್ಟಿಗೆ ಕವಡೆ ಕಿಮ್ಮತ್ತಿಲ್ಲ.

ಈ ವರ್ಧಕ ಯಾಕೆ ಬೇಕು ಎಂದರೆ, ಫೈರ್‌ಬೀ ಬಿಕ್ಯೂಎಂ-34ಎ ಡ್ರೋನಿನ ಉದ್ದ ಸುಮಾರು 7 ಮೀಟರ್. ತಡೆಯಬೇಕಿದ್ದ ಸೋವಿಯತ್ ಟಿಯು-95 ಬಾಂಬರಿನ ರೆಕ್ಕೆಯ ಹರವೇ 50 ಮೀಟರ್. ಹಾಗೇ ಹಾರಿಸಿದರೆ ರೇಡಾರಿಗೆ ಡ್ರೋನ್ ತೀರಾ ಚಿಕ್ಕದಾಗಿ ಕಾಣುತ್ತದೆ. ಮೂರು ತ್ರಿಕೋನ ತಗಡುಗಳ ಮೂಲೆ ಪ್ರತಿಫಲಕ ಇಟ್ಟರೆ, 30 ಸೆಂಟಿಮೀಟರ್ ಬದಿಯದು 3 ಸೆಂಟಿಮೀಟರ್ ತರಂಗಾಂತರಕ್ಕೆ ಸುಮಾರು 38 ಚದರ ಮೀಟರಿನಷ್ಟು ಹೊಳೆಯುತ್ತದೆ. ಒಂದಡಿ ಬದಿಯ ತಗಡಿಗೆ ಬಾಂಬರಿನ ಹೊಳಪು! ಆದರೆ ಎರಡು ಮೋಸಗಳಿವೆ. ಪ್ರತಿಫಲಕ ತನ್ನ ಅಕ್ಷದ ಸುತ್ತ ಸುಮಾರು 40 ಡಿಗ್ರಿಯಷ್ಟು ಮಾತ್ರ ಹೀಗೆ ಹೊಳೆಯುತ್ತದೆ. ಡ್ರೋನ್ ತಿರುಗಿದೊಡನೆ ಹೊಳಪು ಇಳಿದು ಲಾಕ್ ಹೋಗುತ್ತದೆ, ಮತ್ತೆ ಅದೇ ನೋ ಟೆಸ್ಟ್ ಜಗಳ. ಎರಡನೆಯದು ಹೆಚ್ಚು ಸೂಕ್ಷ್ಮ. ಪ್ರತಿಫಲಕ ಒಂದು ಬಿಂದು. ನಿಜವಾದ ಬಾಂಬರಿನಲ್ಲಿ ಎಂಜಿನ್, ಪ್ರೊಪೆಲರ್, ರೆಕ್ಕೆಬುಡ ಎಲ್ಲವೂ ಹೊಳೆಯುವುದರಿಂದ ರೇಡಾರಿಗೆ ಕಾಣುವ ಕೇಂದ್ರ ಹಲವು ಮೀಟರ್ ಆಚೀಚೆ ಜಿಗಿಯುತ್ತಿರುತ್ತದೆ. ಎಐಎಂ-4 ಫಾಲ್ಕನ್ನಿಗೆ ಸಾಮೀಪ್ಯ ಫ್ಯೂಜ್ ಇರಲಿಲ್ಲ, ಮುಟ್ಟಿದರಷ್ಟೇ ಸಿಡಿತ. ಜಿಗಿಯದ ಬಿಂದುವಿನ ಮೇಲೆ ಬಂದ ಅಂಕವನ್ನು ಜಿಗಿಯುವ ಬಾಂಬರಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ.

ಎಷ್ಟು ಹತ್ತಿರ ಹೋಯಿತು ಎಂದು ಅಳೆಯಲು ಡ್ರೋನಿನಲ್ಲಿ ಚಿಕ್ಕ ಡಾಪ್ಲರ್ ರೇಡಾರ್ ಇಡುವುದುಂಟು. ಕ್ಷಿಪಣಿ ಹತ್ತಿರ ಬರುವಾಗ ಡಾಪ್ಲರ್ ಆವರ್ತನ ಒಂದೇ ಸಮ ಇದ್ದು, ಪಕ್ಕದಲ್ಲಿ ಹಾಯುವಾಗ ಶೂನ್ಯಕ್ಕೆ ಬೀಳುತ್ತದೆ. ಎಷ್ಟು ಕಡಿದಾಗಿ ಬಿತ್ತೋ ಅಷ್ಟು ಹತ್ತಿರ. ಸೂತ್ರ ಸರಳ: ತಪ್ಪಿದ ದೂರ ಎಂದರೆ ಸಾಪೇಕ್ಷ ವೇಗದ ವರ್ಗದ ಎರಡರಷ್ಟನ್ನು, ತರಂಗಾಂತರ ಮತ್ತು ಆವರ್ತನ ಬೀಳುವ ದರ ಇವೆರಡರ ಗುಣಲಬ್ಧದಿಂದ ಭಾಗಿಸಿದ್ದು. ಸೆಕೆಂಡಿಗೆ 900 ಮೀಟರ್ ವೇಗ, 6 ಸೆಂಟಿಮೀಟರ್ ತರಂಗ ಎಂದರೆ ಆವರ್ತನ 30 ಕಿಲೋಹರ್ಟ್ಸ್. 10 ಮೀಟರ್ ದೂರದಲ್ಲಿ ಹಾದರೆ ಈ ಬೀಳುವಿಕೆಯೆಲ್ಲ ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ದಾಖಲೆ ಅಷ್ಟು ಚುರುಕಾಗಿರಬೇಕು. ಹೀಗೆ ಬಂದದ್ದು ಆಂಟೆನಾದಿಂದ ದೂರ, ಡ್ರೋನಿನ ಮೈಯಿಂದಲ್ಲ. ಬಾಲದ ಹತ್ತಿರ ಹಾದ ಕ್ಷಿಪಣಿ ಮೂಗಿನ ಆಂಟೆನಾಕ್ಕೆ ಆರು ಮೀಟರ್ ದೂರ ಎಂದು ಕಾಣಬಹುದು, ಬಾಲ ಸವರಿಕೊಂಡೇ ಹೋಗಿದ್ದರೂ.

ಶಾಖ ಹಿಡಿದು ಹೋಗುವ ಕ್ಷಿಪಣಿಗೆ ಡ್ರೋನಿನಲ್ಲಿ ಫ್ಲೇರ್ ಉರಿಸುತ್ತಾರೆ. ಬ್ರಿಟಿಷರು ವೇಲ್ಸ್ ತೀರದ ಕಾರ್ಡಿಗನ್ ಕೊಲ್ಲಿಯ ಮೇಲೆ ಜಿಂಡಿವಿಕ್ ಡ್ರೋನಿನ ಹಿಂದೆ ಎಳೆದೊಯ್ಯುವ ಗುರಿಯನ್ನೂ ಬಳಸುತ್ತಿದ್ದರು. ಡ್ರೋನ್ ಉಳಿಯುತ್ತದೆ, ಕ್ಷಿಪಣಿಗೂ ಕೆಲಸ ಸಿಗುತ್ತದೆ. ಆದರೆ ಫ್ಲೇರ್ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮನಾಗಿ ಉರಿಯುತ್ತದೆ, ಜೆಟ್ ಎಂಜಿನ್ ಹಿಂದಿನಿಂದ ಮಾತ್ರ ಚೆನ್ನಾಗಿ ಕಾಣುತ್ತದೆ. ಪಕ್ಕದಿಂದ ಮಾಡಿದ ದಾಳಿಯಲ್ಲಿ ಫ್ಲೇರ್ ಹಿಡಿದ ಕ್ಷಿಪಣಿ ನಿಜವಾದ ವಿಮಾನವನ್ನೂ ಹಿಡಿಯುತ್ತದೆ ಎಂದು ಬರೆದುಕೊಳ್ಳಬೇಡಿ.

---

ಮುಗಿಲುದಾರಿ

ಬಹಳ ಉಪಕಾರ. ಒಂದು ಉಪಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ನಡೆದ 1956ರ ಪಾಮ್‌ಡೇಲ್ ಪ್ರಕರಣದಲ್ಲಿ ಎರಡು ಎಫ್-89ಡಿಗಳು 208 ರಾಕೆಟ್ ಹಾರಿಸಿಯೂ ಒಂದು ಹಳೇ ಹೆಲ್‌ಕ್ಯಾಟ್ ಡ್ರೋನನ್ನು ಬೀಳಿಸಲಿಲ್ಲವಲ್ಲ. ಪರೀಕ್ಷೆ ಆಗಿದ್ದ ವ್ಯವಸ್ಥೆ ಅಲ್ಲವೇ ಅದು?

---

ಡೆಲ್ಟಾರೆಕ್ಕೆ

ಆಗಿತ್ತು. ಹತೋಟಿ ತಪ್ಪಿದ ಡ್ರೋನ್ ಸುತ್ತು ಹಾಕುತ್ತ, ದಿಕ್ಕು ಬದಲಿಸುತ್ತ ಇತ್ತು. ಸ್ವಯಂಚಾಲಿತ ಕ್ರಮದಲ್ಲಿ ಪ್ರಯತ್ನಿಸಿದಾಗ ಇ-6 ಫೈರ್ ಕಂಟ್ರೋಲಿನ ವಿನ್ಯಾಸದೋಷದಿಂದ ರಾಕೆಟ್‌ಗಳು ಹೊರಡಲೇ ಇಲ್ಲ. ಕೈಯಾರೆ ಗುರಿಯಿಡೋಣ ಎಂದರೆ, ಎಲ್ಲ ಸ್ವಯಂಚಾಲಿತ ಎಂಬ ಧೈರ್ಯದಲ್ಲಿ ಗುರಿಕನ್ನಡಿಗಳನ್ನೇ ತೆಗೆದುಹಾಕಿದ್ದರು. ಪ್ರತಿ ವಿಮಾನದಲ್ಲಿ 104 ರಾಕೆಟ್, ಎರಡೂ ಖಾಲಿ. ಡ್ರೋನ್ ಕೊನೆಗೆ ಇಂಧನ ಮುಗಿದು ಮರುಭೂಮಿಯಲ್ಲಿ ಬಿತ್ತು. ರಾಕೆಟ್‌ಗಳು ಹಚ್ಚಿದ ಬೆಂಕಿ ಸಾವಿರ ಎಕರೆಗೂ ಹೆಚ್ಚು ಸುಟ್ಟಿತು.

ಪರೀಕ್ಷೆಯ ದೃಷ್ಟಿಯಿಂದ ಇಲ್ಲಿ ಕಾಣುವುದು: ನೇರವಾಗಿ, ಸಮವೇಗದಲ್ಲಿ ಬರುವ ಗುರಿಯ ಮೇಲೆ ಸಾವಿರ ದಾಳಿ ಮಾಡಿದರೂ ಈ ದೋಷ ಹೊರಬೀಳುವ ಖಾತ್ರಿಯಿಲ್ಲ. ದಾಳಿಗಳ ಪಟ್ಟಿ ಮಾಡುವಾಗ ತಿರುಗುವ ಗುರಿ, ಕೆಳಗಿನ ಗುರಿ, ಚಾಫ್ (ರೇಡಾರನ್ನು ಮೋಸಗೊಳಿಸುವ ಲೋಹದ ಎಳೆಗಳು) ಚೆಲ್ಲುವ ಗುರಿ ಎಲ್ಲವೂ ಇರಬೇಕು. ಅಮೆರಿಕದ ವಾಯುರಕ್ಷಣಾ ಕಮಾಂಡ್, ಅಭ್ಯಾಸದಲ್ಲಿ ರೇಡಾರ್ ಕೆಡಿಸಲೆಂದೇ ಇಬಿ-57 ವಿಮಾನಗಳ ಸ್ಕ್ವಾಡ್ರನ್‌ಗಳನ್ನು ಇಟ್ಟುಕೊಂಡಿತ್ತು. ಕೆಳಮಟ್ಟದ ಗುರಿಗೆ ಇನ್ನೊಂದು ವಿಶೇಷ ಬಲೆ ಇದೆ. ಪಲ್ಸ್ ರೇಡಾರಿನಲ್ಲಿ ವಿಮಾನದ ಎತ್ತರಕ್ಕೆ ಸಮನಾದ ದೂರದಲ್ಲಿ ನೆಲದ ಪ್ರತಿಫಲನ ಗೆರೆಯಾಗಿ ನಿಂತಿರುತ್ತದೆ. 3 ಕಿಲೋಮೀಟರ್ ಎತ್ತರದಲ್ಲಿದ್ದರೆ 3 ಕಿಲೋಮೀಟರಿನಲ್ಲಿ. ಗುರಿ ಆ ದೂರವನ್ನು ದಾಟುವಾಗ ಲಾಕ್ ಗುರಿಯನ್ನು ಬಿಟ್ಟು ಗೆರೆಗೆ ಅಂಟಿಕೊಳ್ಳಬಹುದು. ದಾಖಲೆಯಲ್ಲಿ ದೂರ ಇದ್ದಕ್ಕಿದ್ದಂತೆ ಸ್ಥಿರವಾಗಿ ನಿಂತದ್ದು ಕಂಡರೆ ಬಹುತೇಕ ಇದೇ.

---

ಹೊಗೆಬಾಲ

ಎಲ್ಲರೂ ದಾಖಲೆ ಓದುವುದರ ಗುಣಗಾನ ಮಾಡುತ್ತಿದ್ದೀರಿ, ಸ್ವಲ್ಪ ತಣ್ಣೀರು ಎರಚುತ್ತೇನೆ. ದಾಖಲೆ ಪೆಟ್ಟಿಗೆ ಕಟ್ಟಿಕೊಂಡು ಹಾರುವ ಪರೀಕ್ಷೆ ಕ್ಷಿಪಣಿ ಹೊರಡುವ ಕ್ಷಣದವರೆಗಿನ ಕಥೆ ಮಾತ್ರ ಹೇಳುತ್ತದೆ. ಥರ್ಮಲ್ ಬ್ಯಾಟರಿ ಹೊತ್ತಿತೇ, ಉಂಬಿಲಿಕಲ್ (ವಿಮಾನಕ್ಕೂ ಕ್ಷಿಪಣಿಗೂ ನಡುವಿನ ತಂತಿಜೋಡಣೆ) ಸರಿಯಾಗಿ ಕಳಚಿತೇ, ಮೋಟಾರ್ ಉರಿಯಿತೇ, ಫ್ಯೂಜ್ ಸರಿಯಾದ ಕ್ಷಣ ಕಂಡಿತೇ, ಒಂದೂ ಗೊತ್ತಾಗುವುದಿಲ್ಲ. ವಿಯೆಟ್ನಾಂ ಯುದ್ಧದ ಮೊದಲ ಹಂತದಲ್ಲಿ ಸ್ಪ್ಯಾರೋ ಕ್ಷಿಪಣಿಯ ಯಶಸ್ಸು ಹತ್ತಕ್ಕೆ ಒಂದರಷ್ಟೂ ಇರಲಿಲ್ಲ. 1968ರಲ್ಲಿ ಅಮೆರಿಕದ ನೌಕಾಪಡೆ ಕ್ಯಾಪ್ಟನ್ ಫ್ರಾಂಕ್ ಆಲ್ಟ್ ಅವರಿಂದ ತನಿಖೆ ಮಾಡಿಸಿತು. ಕಾರ್ಖಾನೆಯಿಂದ ಹಿಡಿದು ಹಡಗಿನ ಉಗ್ರಾಣ, ಸಾಗಣೆ, ಪೈಲಟ್ ತರಬೇತಿಯವರೆಗೆ ಎಲ್ಲವನ್ನೂ ಜಾಲಾಡಿದ ಆ ವರದಿಯಲ್ಲಿ 242 ಶಿಫಾರಸುಗಳಿದ್ದವು.

ಎಐಎಂ-4ಡಿ ಫಾಲ್ಕನ್ ನೋಡಿ. ಬಾಂಬರಿಗಾಗಿ ಹುಟ್ಟಿದ ಕ್ಷಿಪಣಿಯನ್ನು ಎಫ್-4ಡಿಗೆ ಕಟ್ಟಿ 1967ರಲ್ಲಿ ಕಾಳಗಕ್ಕೆ ಕಳಿಸಿದರು. ಸೀಕರ್ ತಣ್ಣಗಾಗಲು ಕೆಲವು ಸೆಕೆಂಡ್ ಬೇಕು, ಅದನ್ನು ತಣ್ಣಗಿಡುವ ಸಾರಜನಕ ಉಳಿಯುವುದು ಎರಡೇ ನಿಮಿಷದ ಆಸುಪಾಸು. ನೇರ ಬರುವ ಬಾಂಬರಿಗೆ ಯಾವಾಗ ತಣ್ಣಗೆ ಮಾಡಬೇಕು ಎಂದು ನೆಲದ ನಿಯಂತ್ರಕ ಹೇಳುತ್ತಾನೆ, ಸರಿಹೋಗುತ್ತದೆ. ಗಿರಕಿ ಹೊಡೆಯುವ ಮಿಗ್‌ಗೆ ಯಾರು ಹೇಳಬೇಕು? ಬೇಗ ಒತ್ತಿದರೆ ಅನಿಲ ಮುಗಿದು ಕ್ಷಿಪಣಿ ನಿರ್ಜೀವ, ತಡವಾದರೆ ಅವಕಾಶ ಮಾಯ. ಐದು ವಿಮಾನ ಬೀಳಿಸಿದ್ದೇ ಅದರ ಒಟ್ಟು ಸಾಧನೆ. ಪ್ರತಿ ಬಿಡಿಭಾಗವೂ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಇದು ನಡೆಯುತ್ತದೆ.

ಇನ್ನು ಬೇರ್ಪಡುವಿಕೆ. 1973ರ ಜೂನಿನಲ್ಲಿ ಒಂದು ಎಫ್-14, ಸ್ಪ್ಯಾರೋ ಬೇರ್ಪಡುವ ಪರೀಕ್ಷೆಯಲ್ಲಿ ತಾನೇ ಬಿಟ್ಟ ಕ್ಷಿಪಣಿ ಮೂಗೆತ್ತಿ ತನಗೇ ಬಡಿದು ನಾಶವಾಯಿತು. ಇಬ್ಬರೂ ಹಾರಿಕೊಂಡು ಬದುಕಿದರು. ಗಾಳಿಸುರಂಗದಲ್ಲಿ ಮಾದರಿ ಇಟ್ಟು, ನೆಲದ ಮೇಲೆ ಗುಂಡಿಯೊಳಕ್ಕೆ ಬೀಳಿಸಿ, ಆಮೇಲೆ ಮೋಟಾರಿಲ್ಲದ ತೂಕದ ಬೊಂಬೆ, ಆಮೇಲೆ ಮೋಟಾರಿದ್ದು ಮಾರ್ಗದರ್ಶನವಿಲ್ಲದ್ದು, ಕಡೆಗೆ ಪೂರ್ತಿ ಕ್ಷಿಪಣಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು ಇದಕ್ಕೇ. ವೇಗವನ್ನೂ ಜಿ ಬಲವನ್ನೂ ಒಂದೇ ಹಾರಾಟದಲ್ಲಿ ಏರಿಸುವುದಿಲ್ಲ. ಪ್ರತಿ ಹೆಜ್ಜೆಯಲ್ಲಿ ವೇಗದ ಕ್ಯಾಮೆರಾದಲ್ಲಿ ಕಂಡ ದಾರಿ, ಲೆಕ್ಕ ಹೇಳಿದ ದಾರಿಗೆ ಹೊಂದದಿದ್ದರೆ ಮುಂದಿನ ಹೆಜ್ಜೆ ಇಲ್ಲ.

ಹೊಗೆಯನ್ನೂ ಮರೆಯಬೇಡಿ. ಹಾಕರ್ ಹಂಟರ್ ಎಫ್.1ರಲ್ಲಿ ನಾಲ್ಕು 30 ಮಿಲಿಮೀಟರ್ ಏಡನ್ ಫಿರಂಗಿಗಳನ್ನು ಎತ್ತರದಲ್ಲಿ ಹಾರಿಸಿದರೆ ಅನಿಲ ಒಳಹೊಕ್ಕು ಏವನ್ ಎಂಜಿನ್ ಸರ್ಜ್ ಆಗುತ್ತಿತ್ತು (ಒಳಗಿನ ಗಾಳಿಯ ಹರಿವು ಕೆಟ್ಟು ತಡವರಿಸುತ್ತಿತ್ತು). ಸಫೈರ್ ಎಂಜಿನ್ನಿನ ಎಫ್.2ಕ್ಕೆ ಈ ಕಾಟ ಇರಲಿಲ್ಲ. ಪರಿಹಾರ: ಟ್ರಿಗರ್ ಒತ್ತಿದ ಕ್ಷಣ ಇಂಧನವನ್ನು ತಾನಾಗಿ ಇಳಿಸುವ ಏರ್ಪಾಡು. ನೆಲದ ಮೇಲಿನ ಫಿರಂಗಿ ಗುಂಡಿಯಲ್ಲಿ ಎಷ್ಟು ಸುತ್ತು ಹಾರಿಸಿದರೂ ಇದು ಕಾಣುತ್ತಿರಲಿಲ್ಲ, ತೆಳು ಗಾಳಿಯೇ ಬೇಕಿತ್ತು.

---

ದ್ವಿಪದಿ_ವಿತರಣೆ

ಮೂರನೆಯ ಪ್ರಶ್ನೆ ನನ್ನದು. ಬೇಸರದ ಉತ್ತರ, ಆದರೆ ಲೆಕ್ಕ ಹೀಗೇ ಇದೆ.

ಹತ್ತು ಹಾರಿಸಿ ಎಂಟು ಬಡಿದವು ಎನ್ನಿ. ಪತ್ರಿಕಾ ಹೇಳಿಕೆಯಲ್ಲಿ ಅದು 80 ಶೇಕಡ. ದ್ವಿಪದಿ (ಬಡಿಯಿತು–ತಪ್ಪಿತು ಎಂಬ ಎರಡೇ ಫಲಿತಾಂಶಗಳ) ಲೆಕ್ಕದಲ್ಲಿ 95 ಶೇಕಡ ವಿಶ್ವಾಸದ ವ್ಯಾಪ್ತಿ 44ರಿಂದ 97 ಶೇಕಡ. ಅಂದರೆ ಎರಡು ಬಿಟ್ಟರೆ ಒಂದು ತಪ್ಪುವ ಕ್ಷಿಪಣಿಯೂ ಈ ಅಂಕ ತಂದಿರಬಹುದು. ಒಂದೂ ತಪ್ಪದೆ ಬಡಿದರೆ? 90 ಶೇಕಡಕ್ಕೆ ಕಡಿಮೆಯಿಲ್ಲ ಎಂದು 95 ಶೇಕಡ ವಿಶ್ವಾಸದಿಂದ ಹೇಳಲು ಸತತ 29 ಬೇಕು. 95 ಶೇಕಡಕ್ಕೆ ಕಡಿಮೆಯಿಲ್ಲ ಎನ್ನಲು ಸತತ 59. ವೈಎಫ್-12ಎ ಎಂಬ ಪ್ರಾಯೋಗಿಕ ಇಂಟರ್‌ಸೆಪ್ಟರಿನ ಕಾರ್ಯಕ್ರಮದಲ್ಲಿ ಎಐಎಂ-47 ಕ್ಷಿಪಣಿಯ ಉಡಾವಣೆಗಳು ಏಳು, ಆರು ಯಶಸ್ವಿ. ಅದ್ಭುತ ಸಾಧನೆಯೇ. ಆದರೆ ಏಳಕ್ಕೆ ಆರು ಎಂಬುದರ ಕೆಳಗಡಿ ಅದೇ ಲೆಕ್ಕದಲ್ಲಿ 42 ಶೇಕಡ.

ಹಾಗಾಗಿ ಡೆಲ್ಟಾರೆಕ್ಕೆ ಮತ್ತು ಹೊಗೆಬಾಲ ಇಬ್ಬರದೂ ಸರಿ, ಜಗಳ ಬೇಡ. ಕಟ್ಟಿಕೊಂಡು ಹಾರುವ ದಾಳಿಗಳು ನೂರಾರು ಸಿಗುತ್ತವೆ, ಅವುಗಳಿಂದ ಮೊದಲ ಕೊಂಡಿಗಳ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಉಡಾವಣೆಗಳು ಕಡಿಮೆ, ಅವನ್ನು ಹೊರಟ ನಂತರದ ಕೊಂಡಿಗಳಿಗೆ ಮಾತ್ರ ಬಳಸಬೇಕು. ಇನ್ನೊಂದು ದಾರಿ, ಹಿಟ್ ಎಣಿಸುವ ಬದಲು ತಪ್ಪಿದ ದೂರವನ್ನು ಮೀಟರಿನಲ್ಲಿ ಇಟ್ಟುಕೊಳ್ಳುವುದು. ಹೌದು–ಇಲ್ಲ ಎಂಬ ಉತ್ತರಕ್ಕಿಂತ 2.5 ಮೀಟರ್, 4 ಮೀಟರ್, 11 ಮೀಟರ್ ಎಂಬ ಅಂಕಿಗಳಲ್ಲಿ ಎಷ್ಟೋ ಹೆಚ್ಚು ಮಾಹಿತಿ ಇರುತ್ತದೆ. ಗುರಿಕಾರ ಹೇಳಿದ ಡಾಪ್ಲರ್ ಪೆಟ್ಟಿಗೆಯ ಬೆಲೆ ಅಲ್ಲಿದೆ.

ಒಂದು ಎಚ್ಚರಿಕೆ. ಫ್ಲಾರಿಡಾದ ಟಿಂಡಲ್ ನೆಲೆಯಲ್ಲಿ 1958ರಿಂದ ನಡೆದ ವಿಲಿಯಂ ಟೆಲ್ ಎಂಬ ಗುರಿ ಹೊಡೆಯುವ ಸ್ಪರ್ಧೆಗಳ ಅಂಕಗಳನ್ನು ತಂದು ಪಡೆಯ ಸಾಮರ್ಥ್ಯ ಎಂದು ಹೇಳುವವರಿದ್ದಾರೆ. ಸ್ಪರ್ಧೆಗೆ ಬರುವುದು ಆರಿಸಿದ ವಿಮಾನ, ಆರಿಸಿದ ಸಿಬ್ಬಂದಿ. ಪಡೆಯ ಅಂಕ ಬೇಕಿದ್ದರೆ ಸಾಲಿನಲ್ಲಿ ನಿಂತ ವಿಮಾನ, ಉಗ್ರಾಣದಿಂದ ಚೀಟಿ ಎತ್ತಿ ತೆಗೆದ ಕ್ಷಿಪಣಿ, ಆ ದಿನದ ಪಾಳಿಯ ಪೈಲಟ್ ಬೇಕು. ಅದೇ ಟಿಂಡಲ್‌ನಲ್ಲಿ ಮುಂದೆ ಬಂದ ವೆಪನ್ ಸಿಸ್ಟಮ್ ಇವ್ಯಾಲ್ಯುಯೇಶನ್ ಪ್ರೋಗ್ರಾಂ, ಅಂದರೆ ಕಂಬ್ಯಾಟ್ ಆರ್ಚರ್, ನಿಜವಾದ ಘಟಕಗಳನ್ನು ಕರೆಸಿ ಹಾರಿಸಿ ಕೊಂಡಿಕೊಂಡಿಯಾಗಿ ನೋಡುವುದು ಆ ಕಾರಣಕ್ಕೆ.

---

ಮುಗಿಲುದಾರಿ

ಕೊನೆಯ ಪ್ರಶ್ನೆ, ಕ್ಷಮಿಸಿ. ಒಂದು ಕ್ಷಿಪಣಿ ತಪ್ಪಿತು. ವಿಮಾನ ಇಳಿಯಿತು. ಮೊದಲು ಏನು ಮಾಡುತ್ತಾರೆ?

---

ರೇಡೋಮ್_ರಾಯ

ಮೊದಲು ಏನೂ ಮಾಡಬಾರದು. ವ್ಯವಸ್ಥೆಯನ್ನು ಆರಿಸಿ ಮತ್ತೆ ಹಚ್ಚಬೇಡಿ, ಪೆಟ್ಟಿಗೆ ಬದಲಿಸಬೇಡಿ, ಲಾಂಚರಿನ ಕನೆಕ್ಟರ್ ಒರೆಸಬೇಡಿ. ಸ್ವಿಚ್‌ಗಳು ಎಲ್ಲಿದ್ದವೋ ಬರೆದುಕೊಳ್ಳಿ, ಉಂಬಿಲಿಕಲ್ಲಿನ ಕಳಚಿದ ತುದಿಯ ಫೋಟೋ ತೆಗೆಯಿರಿ. ಒಂದು ಪಿನ್ ಬಾಗಿದ್ದರೆ ಉತ್ತರ ಅಲ್ಲೇ ಸಿಕ್ಕೀತು.

ಆಮೇಲೆ ಎಲ್ಲ ದಾಖಲೆಗಳನ್ನೂ ಒಂದೇ ಕಾಲಕ್ಕೆ ಹೊಂದಿಸಬೇಕು. ಸರಪಳಿಯ ಕೊನೆಯಿಂದ ಹಿಂದಕ್ಕೆ ಓದುವವರು ಹೆಚ್ಚು, ನಾನು ಮುಂದಿನಿಂದ ಓದಿ ಎನ್ನುತ್ತೇನೆ. ತಪ್ಪಿದ ಕ್ಷಣದಿಂದ ಶುರು ಮಾಡಿದರೆ ಕ್ಷಿಪಣಿಯ ರೆಕ್ಕೆಗಳು ಪೂರ್ತಿ ತಿರುಗಿ ನಿಂತಿದ್ದವು ಎಂಬುದು ಕಣ್ಣಿಗೆ ಹೊಡೆಯುತ್ತದೆ, ಕ್ಷಿಪಣಿಯ ಆಟೋಪೈಲಟ್ ಮೇಲೆ ಅಪವಾದ ಬೀಳುತ್ತದೆ. ಮುಂದಿನಿಂದ ಓದಿದರೆ ಬಿಡುವ ಎರಡು ಸೆಕೆಂಡ್ ಮೊದಲು ರೇಡಾರಿನ ಕೋನ ದರದಲ್ಲಿ ಅಲುಗಾಟ ಶುರುವಾಗಿದ್ದು, ಕ್ಷಿಪಣಿ ಪಾಪ ತನಗೆ ಹೇಳಿದ್ದನ್ನೇ ಮಾಡಿದ್ದು ಕಾಣಬಹುದು.

ಅನುಮಾನದ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಇಟ್ಟಾಗ ಅದು ಸರಿಯಾಗಿಯೇ ಕೆಲಸ ಮಾಡುತ್ತದೆ, ಇದು ಹಳೇ ತಲೆನೋವು. ಎಂಎ-1ರಂಥ ವಾಲ್ವುಗಳ ಕಾಲದ ವ್ಯವಸ್ಥೆಯಲ್ಲಂತೂ ಶಾಖ, ಕಂಪನ, ಕಡಿಮೆ ಒತ್ತಡ ಮೂರೂ ಸೇರಿದಾಗ ಮಾತ್ರ ದೋಷ ಕಾಣಿಸಿಕೊಳ್ಳುವುದು ಸಾಮಾನ್ಯ. ಆಗ ಆ ಪೆಟ್ಟಿಗೆಗೆ ‘ದೋಷವಿಲ್ಲ’ ಚೀಟಿ ಅಂಟಿಸಿ ಉಗ್ರಾಣಕ್ಕೆ ಕಳಿಸಬೇಡಿ, ಅದು ಇನ್ನೊಂದು ವಿಮಾನಕ್ಕೆ ಹೋಗಿ ಇನ್ನೊಂದು ಕ್ಷಿಪಣಿ ತಿನ್ನುತ್ತದೆ. ಕ್ರಮಸಂಖ್ಯೆ ಬರೆದು, ಅದೇ ವಿಮಾನಕ್ಕೆ ವಾಪಸ್ ಹಾಕಿ, ಈ ಸಲ ಕ್ಷಿಪಣಿಯ ಬದಲು ದಾಖಲೆ ಪೆಟ್ಟಿಗೆ ಕಟ್ಟಿ, ತಪ್ಪಿದ ದಾಳಿಯದೇ ಎತ್ತರ, ಅದೇ ವೇಗ, ಅದೇ ಬದಿಯಿಂದ ಮತ್ತೆ ಹಾರಿಸಿ. ಅಲುಗಾಟ ಮತ್ತೆ ಕಂಡರೆ ಅದೊಂದೇ ಪೆಟ್ಟಿಗೆ ಬದಲಿಸಿ ಇನ್ನೊಮ್ಮೆ ಹಾರಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ.